ತೊಗಲು, ಬಣ್ಣ, ದೀಪ: ಗೊಂಬೆಯಾಟದ ಪರದೆಯ ಹಿಂದೆ ಆದದ್ದೇನು?

ಕೊಪ್ಪಳ ಜಿಲ್ಲೆ ಮೋರನಾಳದ ತೊಗಲುಗೊಂಬೆಯಾಟದ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು 96. ಅವರ ಓರಗೆಯವರು ಆಟ ಕಲಿತ ಕಾಲದಲ್ಲಿ ಪರದೆಯ ಹಿಂದೆ ಉರಿಯುತ್ತಿದ್ದುದು ಹರಳೆಣ್ಣೆ ದೀಪ. ಆಮೇಲೆ ಗ್ಯಾಸ್‌ಲೈಟು ಬಂತು, ಬಲ್ಬು ಬಂತು, ಈಗ ಎಲ್‌ಇಡಿ. ತೊಗಲುಗೊಂಬೆಯಾಟ ಏಕೆ ಸೊರಗಿತು ಎಂದು ಕೇಳಿದರೆ ಸಿನಿಮಾ, ಟಿ.ವಿ., ಮೊಬೈಲ್ ಎಂಬ ಉತ್ತರ ಸಿದ್ಧವಿರುತ್ತದೆ. ಪ್ರೇಕ್ಷಕರು ಕಡಿಮೆಯಾದದ್ದು ನಿಜ. ಆದರೆ ತೊಗಲು, ಬಣ್ಣ, ದೀಪ ಈ ಮೂರೂ ಒಂದಕ್ಕೊಂದು ಹೊಂದಿಸಿ ಮಾಡಿದವು. ಅವು ಒಂದೊಂದಾಗಿ ಬದಲಾದಾಗ ಉಳಿದೆರಡನ್ನು ಹೊಂದಿಸಿಕೊಳ್ಳಲು ಮೇಳಗಳಿಗೆ ಯಾರೂ ನೆರವಾಗಲಿಲ್ಲ. ಪರದೆಯ ಮೇಲಿನ ಚಿತ್ರ ಮಂಕಾದದ್ದರಲ್ಲಿ ಇದರ ಪಾಲು ದೊಡ್ಡದು.

ಕಿಳ್ಳೇಕ್ಯಾತ, ಶಿಳ್ಳೇಕ್ಯಾತ, ಗೊಂಬೆರಾಮ ಎಂದು ಬೇರೆ ಬೇರೆ ಸೀಮೆಗಳಲ್ಲಿ ಕರೆಸಿಕೊಳ್ಳುವ ಸಮುದಾಯದ ಕುಲಕಸುಬು ಇದು. ಮನೆಯಲ್ಲಿ ಮರಾಠಿಯ ಒಂದು ಬಗೆ, ಆಟದಲ್ಲಿ ಕನ್ನಡ. ಗಂಡಸರ ಜೊತೆ ಹೆಂಗಸರೂ ಪರದೆಯ ಹಿಂದೆ ಕೂತು ಹಾಡುತ್ತಾರೆ, ಮಾತು ಕೊಡುತ್ತಾರೆ. ಮಳೆ ಕೈಕೊಟ್ಟ ವರ್ಷ, ಮಳೆ ಬರಲೆಂದು ಊರವರೇ ಹೇಳಿಕಳಿಸಿ ಆಟ ಆಡಿಸುವ ಪದ್ಧತಿ ಇತ್ತು. ಆಟವಿಲ್ಲದ ದಿನಗಳಲ್ಲಿ ಕೆರೆ, ಹೊಳೆಗಳಲ್ಲಿ ಮೀನು ಹಿಡಿದು ಬದುಕಿದವರು ಅನೇಕರು.

ಈಗ ತೊಗಲಿನ ವಿಷಯ. ಚಪ್ಪಲಿಗೆ, ಚೀಲಕ್ಕೆ ಹದಮಾಡಿದ ಚರ್ಮ ಗೊಂಬೆಗೆ ನಡೆಯುವುದಿಲ್ಲ. ಹದಮಾಡಿದ ಚರ್ಮ ಮೆತ್ತಗಾಗುತ್ತದೆ, ಬೆಳಕನ್ನು ದಾಟಗೊಡುವುದಿಲ್ಲ. ಗೊಂಬೆಗೆ ಬೇಕಾದದ್ದು ಹಸಿ ತೊಗಲು. ಅದನ್ನು ನೀರಿನಲ್ಲಿ ನೆನೆಹಾಕಿ, ಸುಣ್ಣ ಕೊಟ್ಟು, ಕೂದಲು ಸಡಿಲಾದ ಮೇಲೆ ಎರಡೂ ಬದಿ ಹೆರೆದು, ಸುತ್ತ ಎಳೆದು ಬಿಗಿದು ಒಣಗಿಸಬೇಕು. ಬಿಗಿದ ಸ್ಥಿತಿಯಲ್ಲೇ ಒಣಗಿದರೆ ಮಾತ್ರ ತೊಗಲು ಹಾಳೆಯಂತೆ ಸಪಾಟಾಗಿ, ಬೆಳಕು ಹಾಯುವಷ್ಟು ತೆಳುವಾಗಿ ನಿಲ್ಲುತ್ತದೆ. ಕೆಲಸ ಕೆಡುವುದೂ ಇಲ್ಲೇ. ಒಳಬದಿಯ ಕೊಬ್ಬು ಪೂರ್ತಿ ಹೋಗದಿದ್ದರೆ ಆ ಜಾಗ ಬಣ್ಣ ಹಿಡಿಯದೆ, ವರ್ಷ ಕಳೆದಂತೆ ಹಳದಿ ಕಲೆಯಾಗುತ್ತದೆ. ಸುಣ್ಣದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ತೊಗಲಿನ ಕಸುವು ಹೋಗಿ ಉಳಿಯ ಏಟಿಗೆ ಹರಿಯುತ್ತದೆ. ಸುಡುಬಿಸಿಲಿಗೆ ಒಡ್ಡಿದರೆ ಅಂಚು ಮುರುಟುತ್ತದೆ.

ಕೆತ್ತುವಾಗ ಒಡವೆ, ಸೆರಗು, ಕಿರೀಟದ ಒಳ ತೂತುಗಳು ಮೊದಲು, ಹೊರ ಅಂಚು ಕೊನೆಗೆ. ಹೊರಗೆರೆ ಮೊದಲೇ ಕತ್ತರಿಸಿಬಿಟ್ಟರೆ ಹಿಡಿದು ಕೆಲಸ ಮಾಡಲು ಅಂಚೇ ಉಳಿಯುವುದಿಲ್ಲ. ತೂತುಗಳು ತೀರ ಹತ್ತಿರವಾದರೆ ನಡುವಿನ ಎಳೆ ಆಡಿಸುವಾಗ ಹರಿಯುತ್ತದೆ. ಈ ತೂತುಗಳು ಬರೀ ಅಲಂಕಾರಕ್ಕಲ್ಲ. ಬಣ್ಣ ಬಳಿದ ತೊಗಲಿನಲ್ಲಿ ಬೆಳಕು ಸೋಸಿ ಬರುತ್ತದೆ, ತೂತಿನಲ್ಲಿ ನೇರವಾಗಿ ಬರುತ್ತದೆ. ಸರ, ತೋಳಬಂದಿ ಪರದೆಯ ಮೇಲೆ ಮಿನುಗುವುದು ಹೀಗೆ. ಕೊನೆಯಲ್ಲಿ ಸೀಳಿದ ಬಿದಿರುಕಡ್ಡಿಯ ನಡುವೆ ಗೊಂಬೆಯನ್ನು ಸಿಕ್ಕಿಸಿ ಹೊಲಿಯುತ್ತಾರೆ. ತೋಳಿನ ಕೀಲಿಗೆ ಗಂಟುದಾರ. ಗಂಟು ಬಿಗಿಯಾದರೆ ಕೈ ಎತ್ತಿದಲ್ಲೇ ನಿಲ್ಲುತ್ತದೆ, ಸಡಿಲವಾದರೆ ತಿರುಗಿ ಬೆನ್ನಿಗೆ ಹೋಗುತ್ತದೆ.

ಎಲ್ಲ ಪಾತ್ರಗಳಿಗೂ ಒಂದೇ ತೊಗಲು ಇರಲಿಲ್ಲ. ತೆಲುಗಿನ ತೋಲುಬೊಮ್ಮಲಾಟದಲ್ಲಿ ದೇವರ ಪಾತ್ರಗಳಿಗೆ ಕೃಷ್ಣಮೃಗದ ತೊಗಲು, ಭೀಮ, ರಾವಣರಂಥ ಹೊಡೆದಾಟದ ಪಾತ್ರಗಳಿಗೆ ಗಟ್ಟಿಯಾದ ಜಿಂಕೆ ತೊಗಲು, ಉಳಿದವಕ್ಕೆ ಆಡಿನದು ಎಂಬ ವಿಂಗಡಣೆ ಇತ್ತು. ಕರ್ನಾಟಕದಲ್ಲೂ ಜಿಂಕೆ ತೊಗಲಿನ ಹಳೆಯ ಗೊಂಬೆಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಆ ದಾರಿ ಮುಚ್ಚಿತು. ಮುಚ್ಚಬೇಕಾದದ್ದೇ. ಆದರೆ ಅಲ್ಲಿಂದ ಮುಂದೆ ಯುದ್ಧದ ಗೊಂಬೆಗೂ ಆಡಿನ ತೊಗಲೇ ಗತಿಯಾಯಿತು.

ಇನ್ನು ದೀಪ. ಎಣ್ಣೆದೀಪದ ಬೆಳಕಿನಲ್ಲಿ ಕೆಂಪು, ಹಳದಿ ಹೆಚ್ಚು, ನೀಲಿ ತೀರ ಕಡಿಮೆ. ಹಳೆಯ ಗೊಂಬೆಗಳಲ್ಲಿ ಕೆಂಪು, ಕಪ್ಪುಗಳೇ ಎದ್ದು ಕಾಣುವಂತೆ ಬಳಿದಿರುವುದಕ್ಕೆ ಇದೂ ಕಾರಣವೆಂದು ನಮ್ಮ ಅನಿಸಿಕೆ. ಜ್ವಾಲೆ ಅಲ್ಲಾಡಿದಂತೆ ನೆರಳೂ ಅಲ್ಲಾಡುತ್ತಿತ್ತು. ಗೊಂಬೆ ಸುಮ್ಮನೆ ನಿಂತಾಗಲೂ ಉಸಿರಾಡುವಂತೆ ಕಾಣುತ್ತಿತ್ತು. ಬಲ್ಬು ಬಂದ ಮೇಲೆ ಆ ಅಲುಗಾಟ ನಿಂತಿತು. ಅದನ್ನು ತುಂಬಿಕೊಡಲು ಆಡಿಸುವವರು ಕೈಯನ್ನು ಹೆಚ್ಚು ಆಡಿಸಬೇಕಾಯಿತು. ಬಲ್ಬನ್ನು ಹತ್ತಿರ ತೂಗಿದರೆ ಶಾಖಕ್ಕೆ ತೊಗಲು ಒಣಗಿ ಬಾಗುತ್ತದೆ. ಬಾಗಿದ ಭಾಗ ಬಟ್ಟೆಗೆ ಒತ್ತಿ ಕೂರದೆ ನೆರಳಿನ ಅಂಚು ಮಸುಕಾಗುತ್ತದೆ. ಬಲ್ಬನ್ನು ಆಡಿಸುವವರ ಬೆನ್ನ ಹಿಂದಕ್ಕೆ ಸರಿಸಿದರೆ ಅವರ ತಲೆಯೇ ಪರದೆಯ ಮೇಲೆ ಬರುತ್ತದೆ. ಹಾಗಾಗಿ ದೀಪ ಆಡಿಸುವವರಿಗೂ ಪರದೆಗೂ ನಡುವೆ, ತಲೆಗಿಂತ ಎತ್ತರದಲ್ಲಿ ಇರಲೇಬೇಕು. ಸಭಾಭವನಗಳಲ್ಲಿ ಆಟ ಇಟ್ಟಾಗ ಎಡವಟ್ಟಾಗುವುದು ಬಹುಪಾಲು ಇಲ್ಲೇ: ಹಿಂದಿನಿಂದ ಒಂದು ದೊಡ್ಡ ಫೋಕಸ್ ಲೈಟು ಬಿಟ್ಟು ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ.

ಎಲ್‌ಇಡಿ ತಂದ ತೊಂದರೆ ಬೇರೆ. ಹಲವು ಚುಕ್ಕಿಗಳಿರುವ ಪಟ್ಟಿದೀಪವನ್ನು ಬರಿದಾಗಿ ಬಳಸಿದರೆ ಗೊಂಬೆ ಬಟ್ಟೆಯಿಂದ ತುಸು ಹಿಂದೆ ಸರಿದೊಡನೆ ಒಂದೊಂದು ತೂತಿಗೂ ನಾಲ್ಕಾರು ಬೆಳಕಿನ ಚುಕ್ಕಿ ಮೂಡಿ ಒಡವೆ ಕಲಸಿಹೋಗುತ್ತದೆ. ಬಿಳಿ ಎಲ್‌ಇಡಿಯ ನೀಲಿ ಛಾಯೆಗೆ ಹಳೆಯ ಕೆಂಪು ಕಂದಿದಂತೆ ಕಾಣುತ್ತದೆ.

ಸರ್ಕಾರ, ಸಂಸ್ಥೆಗಳು ಏನೂ ಮಾಡಲಿಲ್ಲ ಎನ್ನಲಾಗದು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾವ್ ಅವರ ಮುತುವರ್ಜಿಯಿಂದ ಹಳೆಯ ಗೊಂಬೆಗಳ ದೊಡ್ಡ ಸಂಗ್ರಹವೇ ಉಳಿದಿದೆ. ಬಳ್ಳಾರಿಯ ಬೆಳಗಲ್ಲು ವೀರಣ್ಣ (2023ರಲ್ಲಿ ತೀರಿಕೊಂಡರು) ಗಾಂಧೀಜಿ ಬದುಕನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತೊಗಲಿಗೆ ತಂದರು. ಪಕ್ಕದ ಆಂಧ್ರದಲ್ಲಿ ಧರ್ಮಾವರದ ಹತ್ತಿರದ ನಿಮ್ಮಲಕುಂಟ ಗ್ರಾಮ ಇದೇ ತೊಗಲಿನಿಂದ ದೀಪಕ್ಕೆ ಹೊದಿಸುವ ಲ್ಯಾಂಪ್‌ಶೇಡ್ ಮಾಡಿ ಮಾರುತ್ತದೆ. ಅಲ್ಲಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಇದರಿಂದ ಮನೆಗಳು ನಡೆದವು, ಉಳಿಯ ಕೆಲಸ ಉಳಿಯಿತು. ಅದನ್ನು ಹಗುರಾಗಿ ಕಾಣಬಾರದು. ಆದರೆ ಲ್ಯಾಂಪ್‌ಶೇಡಿಗೆ ಕೀಲಿಲ್ಲ, ಕಡ್ಡಿಯಿಲ್ಲ, ಮಾತಿಲ್ಲ. ಅದನ್ನು ಮಾಡುತ್ತ ಬೆಳೆದ ಹುಡುಗನಿಗೆ ಕೆತ್ತನೆ ಬರುತ್ತದೆ, ಗೊಂಬೆಯ ಭುಜದ ತೂಕ ಎಲ್ಲಿ ಬೀಳಬೇಕು ಎಂಬುದು ಬರುವುದಿಲ್ಲ.

ಆದ್ದರಿಂದ ಪ್ರಶಸ್ತಿ, ಉತ್ಸವಗಳ ಜೊತೆಗೆ ಮೇಳಗಳಿಗೆ ಬೇಕಾದದ್ದು ಆಡಿಸಲೆಂದೇ ಮಾಡಿದ ಹೊಸ ಗೊಂಬೆಗಳಿಗೆ ಹಣ ಮತ್ತು ಸರಿಯಾದ ದೀಪ. ದೀಪದ್ದು ದುಬಾರಿ ಮಾತೇ ಅಲ್ಲ: ಪಟ್ಟಿದೀಪದ ಬದಲು ಸುಮಾರು 2700 ಕೆಲ್ವಿನ್ನಿನ (ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ), ಹಳದಿ ಬೆಳಕಿನ, ಒಂದೇ ಬುರುಡೆಯ ಎಲ್‌ಇಡಿ ಸಾಕು. ಅದಕ್ಕೆ ಬೆಳಕು ಏರಿಸಿ ಇಳಿಸುವ ಡಿಮ್ಮರ್ ಒಂದಿದ್ದರೆ ಆಡಿಸುವವರ ಪಕ್ಕ ಕೂತವರೇ ಜ್ವಾಲೆಯ ಅಲುಗಾಟವನ್ನು ಕೈಯಲ್ಲಿ ತರಬಹುದು. ಕೊಳ್ಳುವಾಗ ಡಿಮ್ಮರ್‌ಗೆ ಹೊಂದುವ ಬಲ್ಬೇ ಎಂದು ಕೇಳಿ ತರಬೇಕು. ಹೊಂದದಿದ್ದರೆ ಬೆಳಕು ಇಳಿಸಿದಾಗ ಪಟಪಟ ಮಿಟುಕುತ್ತದೆ, ವಿಡಿಯೊ ತೆಗೆದರೆ ಪರದೆಯ ಮೇಲೆ ಕರಿ ಪಟ್ಟೆಗಳು ಓಡುತ್ತವೆ.