ಕೆಲಸಕ್ಕೆ ಸೇರಿದರೆ ಇಎಸ್‌ಐ ಪಿಂಚಣಿ ನಿಂತುಹೋಗುತ್ತಾ?

ಪ್ರಶ್ನೆ: ಪವರ್ ಪ್ರೆಸ್‌ನಲ್ಲಿ ಬಲಗೈ ತೋರುಬೆರಳು ಹೋಯ್ತು. ನಷ್ಟ ಎಷ್ಟು ಅಂತ ನೋಡುವ ಮೆಡಿಕಲ್ ಬೋರ್ಡ್ ಮುಗಿದು ಈಗ ಇಎಸ್‌ಐನಿಂದ (ನೌಕರರ ರಾಜ್ಯ ವಿಮೆ) ತಿಂಗಳು ತಿಂಗಳು ಪಿಂಚಣಿ ಬರ್ತಿದೆ. ಬೇರೆ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಸೇರಿದರೆ ಪಿಂಚಣಿ ನಿಲ್ಲಿಸ್ತಾರೆ ಅಂತ ಎಲ್ಲರೂ ಹೇಳ್ತಾರೆ. ಇಎಸ್‌ಐನವರಿಗೆ ಗೊತ್ತಾಗದ ಹಾಗೆ ಸೇರಬಹುದಾ?

ಉತ್ತರ: ನಿಲ್ಲಿಸುವುದಿಲ್ಲ. ಕದ್ದು ಸೇರುವ ಅಗತ್ಯವೂ ಇಲ್ಲ. ಧೈರ್ಯವಾಗಿ ಸೇರಿ. ಹಳೆಯ ಇನ್ಶೂರೆನ್ಸ್ ನಂಬರನ್ನೇ ಹೊಸ ಕಂಪನಿಗೂ ಕೊಡಿ. ಸಂಬಳ ನಿಮ್ಮದು, ಪಿಂಚಣಿಯೂ ನಿಮ್ಮದು.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ನನಗೇ ಲೆಕ್ಕವಿಲ್ಲ. 18 ವರ್ಷ ಟೈಮ್ ಆಫೀಸಿನಲ್ಲಿ ಕೂತು ಕೊಟ್ಟಿದ್ದೇನೆ. ಪೀಣ್ಯದ ಟೀ ಅಂಗಡಿ ಮುಂದೆ ನಿಂತು ಕೊಟ್ಟಿದ್ದೇನೆ. ಬೆಳಗ್ಗೆ ಒಬ್ಬರಿಗೆ ಬಿಡಿಸಿ ಹೇಳಿರುತ್ತೇನೆ, ಸಂಜೆ ಅವರ ಪಕ್ಕದ ರೂಮಿನವರು ಅದೇ ಪ್ರಶ್ನೆ ಹಿಡಿದು ಫೋನ್ ಮಾಡುತ್ತಾರೆ. ಬೇಜಾರು ಕೇಳುವವರ ಮೇಲಲ್ಲ. ಈ ಸುಳ್ಳು ಇಷ್ಟು ಗಟ್ಟಿಯಾಗಿ ಬೇರು ಬಿಟ್ಟಿದೆಯಲ್ಲ, ಅದರ ಮೇಲೆ. ಇವತ್ತು ಅದನ್ನು ಬುಡಸಮೇತ ಕೀಳೋಣ.

ಕೆಲಸದಲ್ಲಿ ಆದ ಗಾಯಕ್ಕೆ ಇಎಸ್‌ಐ ಕೊಡುವ ಹಣ ಎರಡು ಥರ. ಗಾಯವಾಗಿ ಕೆಲಸಕ್ಕೆ ಹೋಗಲಾಗದೆ ಮನೆಯಲ್ಲಿರುವಷ್ಟು ದಿನ ಬರುವುದು ಒಂದು. ಇದಕ್ಕೆ ಟಿಡಿಬಿ ಅನ್ನುತ್ತಾರೆ, ತಾತ್ಕಾಲಿಕ ಅಂಗವೈಕಲ್ಯದ ಹಣ. ದಿನದ ಸರಾಸರಿ ಕೂಲಿಯ 90% ಸಿಗುತ್ತದೆ. ಗಾಯ ಮಾಗಿ, ಇಎಸ್‌ಐ ಡಾಕ್ಟರು ಕೊನೆಯ ಸರ್ಟಿಫಿಕೇಟ್ ಕೊಟ್ಟರೆ ಅದು ಅಲ್ಲಿಗೆ ಮುಗಿಯಿತು. ಆಮೇಲೂ ಉಳಿದುಬಿಡುವ ನಷ್ಟ ಇರುತ್ತದಲ್ಲ, ವಾಪಸ್ ಬಾರದ ಬೆರಳು, ವಾಪಸ್ ಬಾರದ ಕಣ್ಣು, ಅದಕ್ಕೆ ಕೊಡುವುದು ಇನ್ನೊಂದು. ಅದು ಪಿಡಿಬಿ, ಶಾಶ್ವತ ಅಂಗವೈಕಲ್ಯದ ಹಣ. ನಾವೆಲ್ಲ ಬಾಯಿಮಾತಿನಲ್ಲಿ ಪಿಂಚಣಿ ಅನ್ನುವುದು ಇದನ್ನೇ. ಇದು ಬದುಕಿರುವ ತನಕ ಬರುತ್ತದೆ.

"ಕೆಲಸ ಮಾಡಿದರೆ ದುಡ್ಡಿಲ್ಲ" ಅನ್ನುವ ನಿಯಮ ನಿಜಕ್ಕೂ ಇದೆ. ಆದರೆ ಅದು ಮೊದಲನೆಯದಕ್ಕೆ, ಅಂದರೆ ಟಿಡಿಬಿಗೆ ಮಾತ್ರ. ಟಿಡಿಬಿ ತೆಗೆದುಕೊಳ್ಳುವಾಗ ಯಾವ ದಿನ ಕೆಲಸ ಮಾಡಿದಿರೋ ಆ ದಿನದ ಹಣ ಇಲ್ಲ. ಸಂಬಳದ ರಜೆ ತೆಗೆದುಕೊಂಡ ದಿನಕ್ಕೂ ಇಲ್ಲ. ಕೈಗೆ ಬ್ಯಾಂಡೇಜ್ ಇರುವಾಗಲೇ ಸೂಪರ್‌ವೈಸರ್ ಫೋನ್ ಮಾಡಿ "ಸುಮ್ನೆ ಬಂದು ಕೂತ್ಕೊ, ಲೈಟ್ ಡ್ಯೂಟಿ ಕೊಡ್ತೀನಿ" ಅನ್ನುತ್ತಾರಲ್ಲ, ಹಾಗೆ ಹೋಗಿ ಕೂತ ದಿನವೂ ಲೆಕ್ಕಕ್ಕೆ ಬರುತ್ತದೆ. ಸಂಬಳವನ್ನೂ ತೆಗೆದುಕೊಂಡು ಇಎಸ್‌ಐಗೂ ಆ ದಿನ ಬರೆದುಕೊಟ್ಟರೆ ಅದು ಸುಳ್ಳು ಕ್ಲೇಮ್. ದಯವಿಟ್ಟು ಮಾಡಬೇಡಿ.

ಟಿಡಿಬಿಯ ಈ ನಿಯಮವನ್ನು ಜನ ತಂದು ಪಿಡಿಬಿಗೆ ಅಂಟಿಸಿಬಿಟ್ಟಿದ್ದಾರೆ. ಗೊಂದಲ ಹುಟ್ಟಿದ್ದೇ ಇಲ್ಲಿ.

ಇಷ್ಟು ಹೇಳಿದ ಮೇಲೂ ಸ್ವಲ್ಪ ಯೋಚನೆ ಮಾಡುವವರು ಒಂದು ಮಾತು ಕೇಳುತ್ತಾರೆ. "ಸಂಪಾದನೆ ಮಾಡುವ ಶಕ್ತಿ ಕಡಿಮೆ ಆಗಿದೆ ಅಂತ ತಾನೇ ಪಿಂಚಣಿ ಕೊಡೋದು? ನಾಳೆ ನಾನು ಮೊದಲಿನಷ್ಟೇ ಸಂಬಳ ತಗೊಂಡರೆ, ಶಕ್ತಿ ವಾಪಸ್ ಬಂತು ಅಂತ ಅಲ್ವಾ?" ಒಳ್ಳೆಯ ಪ್ರಶ್ನೆ. ಕೇಳಿದವರ ಬೆನ್ನು ತಟ್ಟುತ್ತೇನೆ. ಉತ್ತರ ಇಎಸ್‌ಐ ಕಾಯ್ದೆಯಲ್ಲೇ ಇದೆ.

1948ರ ಇಎಸ್‌ಐ ಕಾಯ್ದೆಯ ಎರಡನೇ ಪಟ್ಟಿ ತೆಗೆದು ನೋಡಿ. ಯಾವ ಅಂಗ ಹೋದರೆ ಎಷ್ಟು ನಷ್ಟ ಅಂತ ಮೊದಲೇ ಬರೆದಿಟ್ಟಿದ್ದಾರೆ. ಹೆಬ್ಬೆರಳು ಹೋದರೆ 30%. ತೋರುಬೆರಳು ಪೂರ್ತಿ ಹೋದರೆ 14%, ಮಧ್ಯದ ಬೆರಳಾದರೆ 12%, ಉಂಗುರದ ಬೆರಳು ಅಥವಾ ಕಿರುಬೆರಳಾದರೆ 7%. ಒಂದೇ ಕೈಯ ಎರಡು ಬೆರಳು ಹೋದರೆ 20%, ಮೂರು ಹೋದರೆ 30%, ನಾಲ್ಕೂ ಹೋದರೆ 50%. ಗೆಣ್ಣು ಗೆಣ್ಣಿಗೂ ಲೆಕ್ಕ ಇದೆ. ತೋರುಬೆರಳಿನ ಒಂದು ಗೆಣ್ಣಿಗೆ 9%, ಎರಡಕ್ಕೆ 11%. ಈ ಪಟ್ಟಿಯಲ್ಲಿ ಎಲ್ಲಾದರೂ "ಈಗಿನ ಸಂಬಳ ಎಷ್ಟು" ಅನ್ನುವ ಕಾಲಂ ಇದೆಯಾ? ಇಲ್ಲ. ಬೆರಳು ಹೋಗಿದ್ದರೆ ನಷ್ಟ ಆಗಿದೆ ಅಂತ ಕಾನೂನೇ ಒಪ್ಪಿಕೊಂಡಿದೆ, ನೀವು ಮತ್ತೆ ಸಾಬೀತು ಮಾಡಬೇಕಾಗಿಲ್ಲ. ಪಟ್ಟಿಯಲ್ಲಿ ಇಲ್ಲದ ಗಾಯವಾದರೆ ಎಷ್ಟು ಪರ್ಸೆಂಟ್ ಅಂತ ಬೋರ್ಡ್ ನೋಡಿ ತೀರ್ಮಾನ ಮಾಡುತ್ತದೆ. ಅಲ್ಲೂ ನೋಡುವುದು ಅಪಘಾತ ಆದಾಗ ನೀವು ಮಾಡಬಲ್ಲವರಾಗಿದ್ದ ಕೆಲಸಗಳನ್ನು, ನಾಳೆ ಬರುವ ಪೇ ಸ್ಲಿಪ್ಪನ್ನಲ್ಲ. ಈ ಕಾಯ್ದೆಯ ಜಾಗಕ್ಕೆ ಹೊಸದಾಗಿ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಕೆಲಸದ ಗಾಯಕ್ಕೆ ಹಣ ಕೊಡುವ ಈ ಸೌಲಭ್ಯ ಉಳಿದಿದೆ.

ನಿಮ್ಮದೇ ಲೆಕ್ಕ ಹಾಕೋಣ. ಅಪಘಾತದ ಹೊತ್ತಿಗೆ ದಿನದ ಸರಾಸರಿ ಕೂಲಿ 600 ರೂಪಾಯಿ ಇತ್ತು ಅಂತ ಇಟ್ಟುಕೊಳ್ಳಿ. ಅದರ 90% ಅಂದರೆ 540. ತೋರುಬೆರಳಿನ 14% ಹಾಕಿದರೆ ದಿನಕ್ಕೆ 75 ರೂಪಾಯಿ 60 ಪೈಸೆ. ಭಾನುವಾರವೂ ಸೇರುತ್ತದೆ, ಹಾಗಾಗಿ 30 ದಿನದ ತಿಂಗಳಿಗೆ 2,268 ರೂಪಾಯಿ. ಈ ಲೆಕ್ಕದಲ್ಲಿ ಹೊಸ ಕಂಪನಿ ಎಲ್ಲಿ ಬಂತು? ನಾಳೆ ನಿಮ್ಮ ಸಂಬಳ ಇಎಸ್‌ಐ ಮಿತಿಯಾದ 21,000 ದಾಟಿದರೂ ಈ ಹಣ ಬರುತ್ತಲೇ ಇರುತ್ತದೆ. ಹೊಸ ಕೆಲಸದಲ್ಲಿ ಜ್ವರ ಬಂದು ಸಿಕ್ ಲೀವ್ ಹಾಕಿ ಇಎಸ್‌ಐನಿಂದ ಕಾಯಿಲೆ ಭತ್ಯೆ ತೆಗೆದುಕೊಂಡರೂ ಪಿಡಿಬಿ ಅದರ ಜೊತೆಗೇ ಬರುತ್ತದೆ. ಕಾಯಿಲೆ ಭತ್ಯೆ ಜೊತೆ ಸೇರಿಸಬಾರದು ಅಂತ ಇರುವುದು ಟಿಡಿಬಿಯನ್ನು.

ಬೋರ್ಡಿನ ತೀರ್ಮಾನವನ್ನು ಮತ್ತೆ ಪರಿಶೀಲಿಸುವ ಅಧಿಕಾರ ಇಲ್ಲವೇ? ಇದೆ. ಮುಖ್ಯವಾದ ವಿಷಯ ಮುಚ್ಚಿಟ್ಟು ಅಥವಾ ಸುಳ್ಳು ಹೇಳಿ ಪರ್ಸೆಂಟ್ ಪಡೆದಿದ್ದರೆ ಪರಿಶೀಲಿಸಬಹುದು. ಆ ಗಾಯದಿಂದಲೇ ತೊಂದರೆ ಯಾರೂ ಎಣಿಸದಷ್ಟು ಜಾಸ್ತಿ ಆಗಿದ್ದರೂ ಪರಿಶೀಲಿಸಬಹುದು, ಆದರೆ ಅದು ನಿಮಗೇ ಅನುಕೂಲ. ಬೇರೆ ಕಡೆ ಕೆಲಸಕ್ಕೆ ಸೇರಿದ್ದು ಇವೆರಡರಲ್ಲಿ ಯಾವುದೂ ಅಲ್ಲ.

"ಅದೆಲ್ಲಾ ಸರಿ ಸಾರ್, ನಮ್ಮ ಜೊತೆ ಇದ್ದವರದು ಕೆಲಸಕ್ಕೆ ಸೇರಿದ ಮೇಲೆ ನಿಂತೇ ಹೋಯ್ತು." ಇದು ಕೊನೆಯ ಬಾಣ. ಸುಳ್ಳು ಹೇಳುತ್ತಾರೆ ಅಂತ ನಾನು ಹೇಳುವುದಿಲ್ಲ. ನಿಂತಿರುತ್ತದೆ, ಆದರೆ ಕಾರಣ ಬೇರೆ ಇರುತ್ತದೆ. ನಾನು ಕಾಗದ ತರಿಸಿ ನೋಡಿದಾಗಲೆಲ್ಲ ಸಿಕ್ಕಿದ್ದು ಇವೇ. ಒಂದು, ಬದುಕಿದ್ದೇನೆ ಅಂತ ಕೊಡಬೇಕಾದ ಲೈಫ್ ಸರ್ಟಿಫಿಕೇಟ್ ಕೊಟ್ಟಿರುವುದಿಲ್ಲ. ಹೊಸ ಕೆಲಸ, ಶಿಫ್ಟ್, ಬ್ರಾಂಚ್ ಆಫೀಸಿಗೆ ಹೋಗಲು ರಜೆ ಸಿಗುವುದಿಲ್ಲ, ಮರೆತೇ ಹೋಗುತ್ತದೆ. ಇನ್ನೊಂದು, ಹೊಸ ಕಂಪನಿ ಬೇರೆ ಬ್ಯಾಂಕಿನಲ್ಲಿ ಅಕೌಂಟ್ ಮಾಡಿಸಿರುತ್ತದೆ, ಹಳೆಯ ಅಕೌಂಟು ವಹಿವಾಟಿಲ್ಲದೆ ನಿಂತುಹೋಗಿರುತ್ತದೆ. ಮೂರನೆಯದು, ಬೋರ್ಡ್ ಮೊದಲು ಕೊಟ್ಟಿದ್ದು ತಾತ್ಕಾಲಿಕ ತೀರ್ಮಾನ. ಇಷ್ಟು ಕಾಲ ನೋಡೋಣ, ಮತ್ತೆ ಬಂದು ತೋರಿಸಿ ಅಂತ ಪತ್ರದಲ್ಲೇ ಬರೆದಿರುತ್ತದೆ. ಹೋಗಿರುವುದಿಲ್ಲ. ಕೆಲವರದ್ದಂತೂ ದಿನದ ದರ ತೀರಾ ಕಡಿಮೆ ಇತ್ತು ಅಂತ ಅವರೇ ಅರ್ಜಿ ಕೊಟ್ಟು ಪೂರ್ತಿ ಹಣವನ್ನು ಒಂದೇ ಸಲಕ್ಕೆ ತೆಗೆದುಕೊಂಡಿರುತ್ತಾರೆ. ಆಮೇಲೆ ತಿಂಗಳ ಹಣ ಎಲ್ಲಿಂದ ಬರಬೇಕು?

ಎಲ್ಲವೂ ಕೆಲಸಕ್ಕೆ ಸೇರಿದ ಮೇಲೇ ಆಗುತ್ತವೆ. ಹಾಗಾಗಿ ಕೆಲಸಕ್ಕೆ ಸೇರಿದ್ದರಿಂದಲೇ ಆಯಿತು ಅನ್ನಿಸುತ್ತದೆ. ಮೊದಲ ಮೂರು ಕಾರಣಕ್ಕೆ ನಿಂತಿದ್ದರೆ ಬ್ರಾಂಚ್ ಆಫೀಸಿಗೆ ಹೋಗಿ, ಬೇಕಾದ ಕಾಗದ ಕೊಟ್ಟು ಮತ್ತೆ ಶುರು ಮಾಡಿಸಿಕೊಳ್ಳಬಹುದು. ಸುಮ್ಮನೆ ಬಿಟ್ಟುಬಿಡಬೇಡಿ.

ಊರಿನ ಕಡೆಯಿಂದಲೂ ಒಂದು ಗೊಂದಲ ಬರುತ್ತದೆ. ತಾಲ್ಲೂಕು ಕಚೇರಿಯಿಂದ ಬರುವ ಅಂಗವಿಕಲರ ಮಾಸಾಶನವೇ ಬೇರೆ. ಅದು ಬಡತನ ನೋಡಿ ಸರ್ಕಾರ ಕೊಡುವ ಹಣ, ಆದಾಯ ಪ್ರಮಾಣಪತ್ರ ಕೇಳುತ್ತಾರೆ. ಅಲ್ಲಿ ಸಂಬಳ ಲೆಕ್ಕಕ್ಕೆ ಬರುತ್ತದೆ. ಇಎಸ್‌ಐನದು ನಿಮ್ಮ ಸಂಬಳದಲ್ಲಿ 0.75% ಹಿಡಿದು, ಕಂಪನಿ 3.25% ಕಟ್ಟಿ, ಆ ನಿಧಿಯಿಂದ ಬರುವ ವಿಮೆಯ ಹಣ. ಯಾರ ದಯೆಯೂ ಅಲ್ಲ.

ಈ ಒಂದು ಸುಳ್ಳಿನಿಂದ ಏನಾಗುತ್ತದೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಒಬ್ಬರು ಬಂದಿದ್ದರು, ಮೂವತ್ತೈದರ ಆಸುಪಾಸು. ಬಲಗೈಯನ್ನು ಪ್ಲಾಸ್ಟಿಕ್ ಕವರಿನ ಹಿಂದೆ ಹಿಡಿದುಕೊಂಡೇ ಕೂತರು. ಕವರಿನಲ್ಲಿ ಬೋರ್ಡಿನ ಪತ್ರ ಇತ್ತು, ಮಡಿಕೆ ಹರಿದು ಟೇಪ್ ಹಾಕಿದ್ದರು. ಎರಡು ಬೆರಳು, 20%. ಪಿಂಚಣಿ ಹೋಗುತ್ತದೆ ಅನ್ನುವ ಭಯಕ್ಕೆ ನಾಲ್ಕು ವರ್ಷ ಒಂದು ಸಣ್ಣ ಶೆಡ್ಡಿನಲ್ಲಿ ಕೈಗೆ ಕಾಸು ತೆಗೆದುಕೊಂಡು ದುಡಿದಿದ್ದರು. "ನನ್ನ ಹೆಸರು ಇಎಸ್‌ಐಗೆ ಹಾಕಬೇಡಿ" ಅಂತ ಅವರೇ ಮಾಲೀಕರ ಹತ್ತಿರ ಬೇಡಿಕೊಂಡಿದ್ದರಂತೆ. ಹೆಂಡತಿಗೆ ಆಪರೇಷನ್ ಆದಾಗ ಇಎಸ್‌ಐ ಆಸ್ಪತ್ರೆ ಇಲ್ಲ, ಪಿಎಫ್ ಇಲ್ಲ, ಒಡವೆ ಅಡ ಇಟ್ಟಿದ್ದರು. ನಾನು ಕಾಗದದ ಹಿಂದೆ ಲೆಕ್ಕ ಬರೆದು ತೋರಿಸಿದೆ. ಬಹಳ ಹೊತ್ತು ನೋಡಿದರು. "ಅಂದ್ರೆ ನಾನು ಸುಮ್ನೆ ಹೆದರಿಕೊಂಡಿದ್ದೆನಾ ಅಣ್ಣ?" ಅಂದರು. ನನಗೆ ಮಾತು ಹೊರಡಲಿಲ್ಲ. ನಾನು ಇದನ್ನು ಮತ್ತೆ ಮತ್ತೆ ಬರೆಯುವುದು ಆ ಮುಖ ನೆನಪಿರುವುದಕ್ಕೆ.

ಹಾಗಾಗಿ ಹೊಸ ಕಂಪನಿಯ ಫಾರಂನಲ್ಲಿ ಹಿಂದಿನ ಇನ್ಶೂರೆನ್ಸ್ ನಂಬರ್ ಕೇಳಿದರೆ ಬರೆಯಿರಿ. ಮುಚ್ಚಿಟ್ಟು ಎರಡನೇ ನಂಬರ್ ಮಾಡಿಸಿಕೊಂಡರೆ ಮುಂದೆ ಕಾಗದಗಳು ಒಂದಕ್ಕೊಂದು ಕೂಡುವುದಿಲ್ಲ. "ನಿಂಗೆ ಹೆಂಗೂ ಪಿಂಚಣಿ ಬರುತ್ತಲ್ಲ, ಎರಡು ಸಾವಿರ ಕಮ್ಮಿ ತಗೋ" ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಆ ಹಣ ಅವರ ಜೇಬಿನಿಂದ ಬರುವುದಿಲ್ಲ. ಗಾಯದಿಂದ ಯಾವ ಕೆಲಸಕ್ಕೂ ಹೋಗಲಾಗದೆ ಬಿಟ್ಟವರೂ ಕೇಳಿ: ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ನಿವೃತ್ತಿಯ ವಯಸ್ಸಿನ ತನಕ ನಿಮಗೂ ನಿಮ್ಮ ಗಂಡ ಅಥವಾ ಹೆಂಡತಿಗೂ ಇಎಸ್‌ಐ ಚಿಕಿತ್ಸೆ ಸಿಗುತ್ತದೆ.

ನೀವು ಕೇಳಿಲ್ಲ, ಆದರೂ ಒಂದು ಹೇಳಿಬಿಡುತ್ತೇನೆ. ನಿಮಗೆ ಪಿಂಚಣಿ ಬರುತ್ತಿದೆ ಅಂದರೆ, ಬೆರಳು ಹೋದ ದಿನ ಯಾರೋ ಸರಿಯಾಗಿ ಬರೆದಿದ್ದಾರೆ ಅಂತ ಅರ್ಥ. ಎಷ್ಟೋ ಜನರಿಗೆ ಆ ಅದೃಷ್ಟ ಇಲ್ಲ. ಅಪಘಾತ ಆದರೆ ಕಂಪನಿ ಆಕ್ಸಿಡೆಂಟ್ ರಿಜಿಸ್ಟರಿನಲ್ಲಿ ಬರೆಯಬೇಕು. ವಿಷಯ ಗೊತ್ತಾದ ಮೇಲೆ ತಡಮಾಡದೆ ಫಾರಂ 12ರಲ್ಲಿ ಇಎಸ್‌ಐಗೆ ವರದಿ ಕಳಿಸಬೇಕು. ಹಾಗೆ ಮಾಡದೆ, ಮಗ್ಗುಲ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋಗಿ, "ಮನೆಯಲ್ಲಿ ಬಿದ್ದ ಅಂತ ಹೇಳು, ಖರ್ಚೆಲ್ಲ ನಾವು ನೋಡ್ಕೋತೀವಿ" ಅನ್ನುವವರು ಇದ್ದಾರೆ. ಹೊಲಿಗೆ ಬಿಚ್ಚುವ ತನಕ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಬಿದ್ದವರಿಗೆ ಪಿಡಿಬಿ ಇಲ್ಲ. ಆಸ್ಪತ್ರೆಯ ಮೊದಲ ಚೀಟಿಯಲ್ಲಿ "ಮನೆಯಲ್ಲಿ" ಅಂತ ಬಿದ್ದರೆ, ಅದನ್ನು ಅಳಿಸಲು ವರ್ಷಗಟ್ಟಲೆ ಓಡಾಡಬೇಕು.

ಕೆಲಸಕ್ಕೆ ಹೋಗುವಾಗ, ಬರುವಾಗ ದಾರಿಯಲ್ಲಿ ಆದದ್ದೂ ಕೆಲಸಕ್ಕೆ ಸಂಬಂಧಪಟ್ಟಿದ್ದರೆ ಕೆಲಸದ ಗಾಯವೇ. 2010ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ಅದಕ್ಕೂ ಮೊದಲ ದಿನದ ಚೀಟಿಯೇ ಆಧಾರ.

ಹಾಗಾಗಿ ನಿಮ್ಮ ಲೈನಿನಲ್ಲಿ ಯಾರಿಗಾದರೂ ಏಟು ಬಿದ್ದರೆ ಕೈಗೆ ಬಟ್ಟೆ ಕಟ್ಟಿ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ನೀವೇ ಆಗಿ. ಡಾಕ್ಟರು "ಹೇಗಾಯ್ತು" ಅಂತ ಕೇಳಿದಾಗ ಕಂಪನಿ, ಮೆಷಿನ್ನು, ಟೈಮು, ಮೂರನ್ನೂ ಹೇಳಿ. ಬರೆದ ಮೇಲೆ ಚೀಟಿ ಓದಿ ನೋಡಿ, ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡು ಅವರ ಮನೆಯವರಿಗೆ ಕಳಿಸಿ.