ವಾರ್ಫರಿನ್ ಮೊದಲು ಇಲಿ ಪಾಷಾಣವಾಗಿತ್ತಂತೆ, ನಿಜವಾ?

ಪ್ರಶ್ನೆ: ಅಪ್ಪನಿಗೆ ಹೃದಯದ ವಾಲ್ವ್ ಬದಲಿಸಿ, ದಿನಾ ವಾರ್ಫರಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಅದು ಇಲಿ ಪಾಷಾಣ ಅಂತ ಯಾರೋ ಹೇಳಿದರು. ಕೊಡಬಹುದಾ?

ನಿಜ, 1948ರಲ್ಲಿ ಅದು ಮಾರುಕಟ್ಟೆಗೆ ಬಂದಿದ್ದೇ ಇಲಿ ಕೊಲ್ಲಲು. ಆದರೂ ಡಾಕ್ಟರ್ ಹೇಳಿದಷ್ಟನ್ನು ತಪ್ಪದೆ ಕೊಡಿ.

ಇದರ ಮೂಲ ಇರುವುದು ದನದ ಕೊಟ್ಟಿಗೆಯಲ್ಲಿ. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ದನಗಳು ರಕ್ತ ಸುರಿದು ಸಾಯತೊಡಗಿದವು. ಕೊಂಬು ಕತ್ತರಿಸಿದರೂ ಸಾಕು, ರಕ್ತ ನಿಲ್ಲುತ್ತಲೇ ಇರಲಿಲ್ಲ. ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವೇ ಕಾರಣ ಅಂತ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಪತ್ತೆ ಹಚ್ಚಿದರು. ಮೇವಿನಲ್ಲಿ ಏನಿದೆ ಅನ್ನೋದು ಮಾತ್ರ ತಿಳಿಯಲಿಲ್ಲ.

1933ರ ಫೆಬ್ರವರಿ. ವಿಸ್ಕಾನ್ಸಿನ್‌ನ ರೈತರೊಬ್ಬರು ಹಿಮ ಬಿರುಗಾಳಿಯಲ್ಲೇ ಸುಮಾರು 300 ಕಿ.ಮೀ. ಗಾಡಿ ಓಡಿಸಿಕೊಂಡು ಮ್ಯಾಡಿಸನ್‌ಗೆ ಬಂದರು. ಜೊತೆಗೆ ಸತ್ತ ಕಡಸು, ಒಂದಷ್ಟು ಹಾಳಾದ ಮೇವು, ಹಾಲಿನ ಕ್ಯಾನಿನ ತುಂಬಾ ಹೆಪ್ಪುಗಟ್ಟದ ರಕ್ತ. ಅವರು ಹುಡುಕುತ್ತಿದ್ದದ್ದು ಪಶುವೈದ್ಯರ ಕಚೇರಿ. ಅದು ಶನಿವಾರ, ಬಾಗಿಲು ಹಾಕಿತ್ತು. ಹಾಗೇ ಅಲೆಯುತ್ತಾ ರಸಾಯನ ವಿಜ್ಞಾನಿ ಕಾರ್ಲ್ ಲಿಂಕ್ ಅವರ ಲ್ಯಾಬ್‌ಗೆ ಹೊಕ್ಕರು. ಆ ಕಚೇರಿ ತೆರೆದಿದ್ದರೆ ಆ ಕ್ಯಾನು ಲಿಂಕ್ ಕಣ್ಣಿಗೇ ಬೀಳುತ್ತಿರಲಿಲ್ಲ ಅಲ್ವಾ? ರೈತರಿಗೆ ಅಂದು ಸಿಕ್ಕಿದ್ದು ಆ ಮೇವು ಹಾಕಬೇಡಿ ಅನ್ನೋ ಮಾತು ಮಾತ್ರ. ಆದರೆ ಲಿಂಕ್ ತಂಡ ಅಲ್ಲಿಂದ ಹಟಕ್ಕೆ ಬಿದ್ದು, 1939ರಲ್ಲಿ ಆ ವಸ್ತುವನ್ನು ಬೇರ್ಪಡಿಸಿತು. ಅದೇ ಡೈಕೌಮರಾಲ್. ಅದರ ಆಧಾರದ ಮೇಲೆ ತಯಾರಾದದ್ದು ವಾರ್ಫರಿನ್.

ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು. ವಾರ್ಫರಿನ್ ಅದರ ಕೆಲಸಕ್ಕೆ ಅಡ್ಡ ಬರುತ್ತದೆ. ಜಾಸ್ತಿ ತಿಂದ ಇಲಿ ಒಳಗೊಳಗೇ ರಕ್ತಸ್ರಾವವಾಗಿ ಸಾಯುತ್ತದೆ. ಅಳೆದು ಕೊಟ್ಟರೆ, ಕೃತಕ ವಾಲ್ವ್ ಮೇಲೆ ಹೆಪ್ಪು ಕೂರುವುದನ್ನು ತಡೆಯುತ್ತದೆ. 1951ರಲ್ಲಿ ಅಮೆರಿಕದ ಒಬ್ಬ ಸೈನಿಕ ಸಾಯಲೆಂದು ಇದೇ ಪಾಷಾಣ ನುಂಗಿದ. ಆದರೆ ವಿಟಮಿನ್ ಕೆ ಕೊಟ್ಟು ಉಳಿಸಿದರು. ಮನುಷ್ಯರಿಗೆ ಕೊಡಬಹುದು ಅನ್ನೋ ಧೈರ್ಯ ಬಂದಿದ್ದಕ್ಕೆ ಇದೂ ಒಂದು ಕಾರಣ. 1954ರಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಮರುವರ್ಷ ಹೃದಯಾಘಾತವಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಕೊಟ್ಟರು.

ಹಾಗಂತ ಇದು ಸಲೀಸಾದ ಮಾತ್ರೆಯಲ್ಲ. ಐಎನ್‌ಆರ್ ರಕ್ತ ಪರೀಕ್ಷೆ ತಪ್ಪಿಸಲೇಬೇಡಿ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅದು ತೋರಿಸುತ್ತದೆ, ಡೋಸ್ ನಿರ್ಧಾರವಾಗುವುದು ಅದರಿಂದಲೇ. ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ ಅಂತ ಸೊಪ್ಪಿನ ಸಾರು ಬಿಡಿಸಬೇಕಿಲ್ಲ. ವಾರವಾರವೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ತಿನ್ನಲಿ. ಮೈಕೈ ನೋವಿಗೆ ಅಂತ ಅಂಗಡಿಯಿಂದ ಸುಮ್ನೆ ಮಾತ್ರೆ ತಂದು ಕೊಡಬೇಡಿ. ಹಲ್ಲು ಕೀಳಿಸುವ ಮೊದಲು ಈ ಮಾತ್ರೆಯ ವಿಷಯ ಹೇಳಿ. ಮಲ ಕಪ್ಪಾದರೆ, ಒಸಡಿನ ರಕ್ತ ನಿಲ್ಲದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ.