ಒಂದೇ ಮೂಗು, ಎರಡು ಕೆಲಸ

ಅಮೆರಿಕದ ಸೌತ್ ಡಕೋಟಾದಲ್ಲಿ ಅಕ್ಟೋಬರ್ ತಿಂಗಳ ಮೂರನೇ ಶನಿವಾರ ಅಂದರೆ ನಮ್ಮಲ್ಲಿ ಊರಜಾತ್ರೆ ಇದ್ದ ಹಾಗೆ. ಅವತ್ತು ಫೆಸೆಂಟ್ ಹಕ್ಕಿಯ ಬೇಟೆಗಾಲ ಶುರುವಾಗುತ್ತದೆ. ಬೇರೆ ಊರುಗಳಲ್ಲಿರುವ ಮಕ್ಕಳು ಮನೆಗೆ ಬರುತ್ತಾರೆ. ಸಣ್ಣ ಪಟ್ಟಣಗಳ ಲಾಡ್ಜುಗಳು ತುಂಬಿರುತ್ತವೆ. ಪಿಕಪ್ ಗಾಡಿಗಳ ಹಿಂದೆ ಪೆಟ್ಟಿಗೆಗಳು, ಪೆಟ್ಟಿಗೆಯ ಕಿಂಡಿಯಲ್ಲಿ ನಾಯಿಗಳ ಮೂಗು. ಬೀಗ ತೆಗೆಯುವ ಸದ್ದು ಕೇಳಿದರೆ ಸಾಕು, ಆ ನಾಯಿಗಳು ಇಡೀ ಮೈ ನಡುಗಿಸುತ್ತವೆ. ಚಳಿಗಲ್ಲ, ಉತ್ಸಾಹಕ್ಕೆ.

2003ರ ಆ ಶನಿವಾರ ಅಕ್ಟೋಬರ್‌ಗೆ ಹೊಂದದಷ್ಟು ಬಿಸಿಲಿತ್ತು. ಆಗ ಅಲ್ಲಿ ಮೊದಲ ವಾರ ಬೇಟೆ ಶುರುವಾಗುತ್ತಿದ್ದದ್ದು ಮಧ್ಯಾಹ್ನ 12ಕ್ಕೆ. ಆ ಒಂದೇ ವಾರಾಂತ್ಯದಲ್ಲಿ ಬಿಸಿಲಿನ ಹೊಡೆತಕ್ಕೆ ನೂರರಷ್ಟು ನಾಯಿಗಳು ಸತ್ತವು ಎಂದು ಆಗ ಅಂದಾಜಾಗಿತ್ತು. ಯಾರೂ ಅವನ್ನು ಹೊಡೆಯಲಿಲ್ಲ, ಬಡಿಯಲಿಲ್ಲ. ಅವು ತಮಗೆ ತುಂಬಾ ಇಷ್ಟವಾದ ಕೆಲಸ ಮಾಡುತ್ತಲೇ ಸತ್ತವು. ಪ್ರೀತಿಸುವ ಮಾಲೀಕ ಪಕ್ಕದಲ್ಲೇ ಇದ್ದ. ಇದನ್ನು ಮೊದಲ ಸಲ ಓದಿದಾಗಿನಿಂದ ನನಗೆ ಒಂದೇ ಪ್ರಶ್ನೆ: ಅಷ್ಟು ಹತ್ತಿರ ಇದ್ದವನಿಗೆ ಯಾಕೆ ಗೊತ್ತಾಗಲಿಲ್ಲ?

ಫೆಸೆಂಟ್ ನಮ್ಮ ನವಿಲು, ಕಾಡುಕೋಳಿ, ಗೌಜಲಹಕ್ಕಿಗಳ ಕುಟುಂಬದ್ದೇ. ಅದು ಅಮೆರಿಕದ ಮೂಲ ಹಕ್ಕಿ ಅಲ್ಲ. 1880ರ ದಶಕದ ಶುರುವಿನಲ್ಲಿ ಶಾಂಘೈಯಲ್ಲಿದ್ದ ಅಮೆರಿಕದ ರಾಯಭಾರ ಅಧಿಕಾರಿ ಓವನ್ ಡೆನ್ನಿ ಹಡಗಿನಲ್ಲಿ ಚೀನಾದಿಂದ ಓರೆಗಾನ್‌ಗೆ ಕಳಿಸಿದ ಹಕ್ಕಿಗಳು ಅಲ್ಲಿ ನೆಲೆ ನಿಂತವು. ಸೌತ್ ಡಕೋಟಾದಲ್ಲಿ ಮೊದಲ ಬೇಟೆಗಾಲ ನಡೆದದ್ದು 1919ರಲ್ಲಿ. ಈಗ ಅದೇ ಆ ರಾಜ್ಯದ ಹಕ್ಕಿ. ಹಾರುವುದಕ್ಕಿಂತ ಓಡುವುದೇ ಅದಕ್ಕೆ ಇಷ್ಟ. ಸೊಂಟದೆತ್ತರದ ಹುಲ್ಲಿನೊಳಗೆ ತಲೆ ತಗ್ಗಿಸಿ ಓಡಿಬಿಡುತ್ತದೆ. ಮನುಷ್ಯನ ಕಣ್ಣಿಗೆ ಅದು ಸಿಗುವುದೇ ಇಲ್ಲ. ಅದಕ್ಕೇ ನಾಯಿ ಬೇಕು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಬೇಟೆ ಅಪರಾಧ. ಹಾಗೇ ಇರಲಿ ಎಂಬುದು ನನ್ನ ಆಸೆ. ಆದರೂ ಈ ನಾಯಿಗಳ ಕಥೆ ನಮಗೆ ದೂರದ್ದಲ್ಲ. ಮೈಸೂರು, ಹುಬ್ಬಳ್ಳಿ, ಬೆಂಗಳೂರಿನ ಮನೆ ಮನೆಯಲ್ಲಿರುವ ಲ್ಯಾಬ್ರಡಾರ್‌ನ ಪೂರ್ತಿ ಹೆಸರು ಲ್ಯಾಬ್ರಡಾರ್ ರಿಟ್ರೀವರ್. ಬಿದ್ದ ಹಕ್ಕಿಯನ್ನು ಹುಡುಕಿ, ಹಲ್ಲು ನಾಟಿಸದೆ ಕಚ್ಚಿ ತರುವುದು ಅದರ ಕುಲಕಸುಬು. ಚೆಂಡು ಎಸೆದರೆ ಎಷ್ಟು ಸಲವಾದರೂ ತರುತ್ತದೆ, ಅಲ್ವಾ? ಆ ಹುಚ್ಚು ಬಂದದ್ದು ಅಲ್ಲಿಂದ.

ಈಗ ಮೂಗಿಗೆ ಬರೋಣ. ಎಲ್ಲ ಗುಟ್ಟೂ ಅಲ್ಲೇ ಇದೆ.

ಓಡುವ ಪ್ರಾಣಿ ಒಂದು ಒಲೆ ಇದ್ದ ಹಾಗೆ. ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಬಿಸಿಯಾಗಿ ಹೋಗುತ್ತದೆ. ನಮಗಾದರೆ ಮೈಯೆಲ್ಲ ಬೆವರುತ್ತದೆ, ಗಾಳಿ ಬೀಸಿದರೆ ತಣ್ಣಗಾಗುತ್ತದೆ. ನಾಯಿಗೆ ಆ ಭಾಗ್ಯ ಇಲ್ಲ. ಪಾದದ ಮೆತ್ತೆಗಳಲ್ಲಿ ಚೂರು ಬೆವರು ಬರುತ್ತದೆ, ಅದು ಯಾವ ಮೂಲೆಗೂ ಸಾಲದು. ಹಾಗಾಗಿ ಅದು ತೇಕುತ್ತದೆ. ನಾಲಗೆ, ಬಾಯಿ, ಮೂಗಿನ ಒಳಗೋಡೆ ಇವೆಲ್ಲ ಒದ್ದೆ. ಅದರ ಮೇಲೆ ಗಾಳಿ ಹಾಯ್ದಾಗ ನೀರು ಆವಿಯಾಗುತ್ತದೆ, ಆವಿಯ ಜೊತೆ ಬಿಸಿಯೂ ಹೋಗುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಂಪಾಗುವ ಲೆಕ್ಕವೇ ಇಲ್ಲೂ.

ತೇಕುವಾಗ ನಾಯಿ ನಿಮಿಷಕ್ಕೆ ಮುನ್ನೂರರ ಹತ್ತಿರ ಉಸಿರಾಡುತ್ತದೆ. ಅಷ್ಟು ಜೋರಾಗಿ ಎದೆ ಆಡಿಸಿದರೆ ಆ ಕೆಲಸದಿಂದಲೇ ಇನ್ನಷ್ಟು ಬಿಸಿ ಹುಟ್ಟಬೇಕಲ್ಲ? ಹುಟ್ಟುವುದು ಬಹಳ ಕಡಿಮೆ. ಪಂಚಮಿ ಜೋಕಾಲಿ ನೆನಪಿಸಿಕೊಳ್ಳಿ. ಹದ ನೋಡಿ ದೂಡಿದರೆ ಬೆರಳ ತುದಿಯಲ್ಲೇ ಜೋಕಾಲಿ ಮುಗಿಲು ಮುಟ್ಟುತ್ತದೆ. ಹದ ತಪ್ಪಿದರೆ ತೋಳು ನೋಯುತ್ತದೆ. ನಾಯಿಯ ಎದೆಗೂಡಿಗೂ ತನ್ನದೇ ಆದ ತೂಗಾಟದ ಲಯ ಇದೆ. ನಾಯಿ ತೇಕುವುದು ಸರಿಯಾಗಿ ಆ ಲಯದಲ್ಲೇ. ಅದಕ್ಕೇ ನಾಯಿ ನಿಧಾನವಾಗಿ ತೇಕುವುದನ್ನು ನೀವು ನೋಡಿರುವುದಿಲ್ಲ. ತೇಕಲು ಶುರು ಮಾಡಿದರೆ ಒಂದೇ ಸಲಕ್ಕೆ ಆ ವೇಗಕ್ಕೆ ಜಿಗಿಯುತ್ತದೆ.

ಸೊಗಸಾದ ಏರ್ಪಾಡು, ಆದರೆ ಅದಕ್ಕೊಂದು ಬೆಲೆ ಇದೆ. ತೇಕುವ ನಾಯಿ ಗಾಳಿಯನ್ನು ಹೆಚ್ಚಾಗಿ ಮೂಗಿನಿಂದ ಎಳೆದು ಬಾಯಿಂದ ಬಿಡುತ್ತದೆ. ಅಲ್ಲಿ ಗಾಳಿಗೆ ಒಂದೇ ಕೆಲಸ, ತಂಪು ಮಾಡುವುದು. ಮೂಸುವ ಉಸಿರಾಟ ಬೇರೆ ಥರದ್ದು. ಬಾಯಿ ಮುಚ್ಚಿ, ಸೆಕೆಂಡಿಗೆ ಐದರಷ್ಟು ಸಣ್ಣ ಸಣ್ಣ ಎಳೆತ. ಒಳಗೆ ಬಂದ ಗಾಳಿ ಅಲ್ಲಿ ಕವಲೊಡೆಯುತ್ತದೆ. ಒಂದು ಸಣ್ಣ ಪಾಲು ಮಾತ್ರ ಹಿಂದಿನ ಮೂಲೆಗೆ, ವಾಸನೆ ಹಿಡಿಯುವ ಜೀವಕೋಶಗಳು ಒತ್ತಾಗಿ ಕೂತಿರುವ ಕೋಣೆಗೆ ಹೋಗುತ್ತದೆ. ಉಳಿದದ್ದು ಶ್ವಾಸಕೋಶಕ್ಕೆ. ಉಸಿರು ಬಿಡುವಾಗ ಗಾಳಿ ಮೂಗಿನ ಪಕ್ಕದ ಸೀಳಿನಿಂದ ಹೊರಗೆ ಹೋಗುತ್ತದೆ, ಎದುರಿನ ವಾಸನೆ ಕದಡುವುದಿಲ್ಲ. ಸಾಕುನಾಯಿಯ ಮೂಗಿನ ಹೊಳ್ಳೆಯನ್ನು ಹತ್ತಿರದಿಂದ ನೋಡಿ, ಅಲ್ಪವಿರಾಮದ ಬಾಲದಂತೆ ಆ ಸೀಳು ಕಾಣುತ್ತದೆ.

ಅಂದರೆ ಒಂದೇ ಮೂಗಿಗೆ ಎರಡು ಕೆಲಸ. ಮೈ ತಣಿಸಬೇಕು, ಇಲ್ಲವೇ ಮೂಸಬೇಕು. ಎರಡನ್ನೂ ಒಟ್ಟಿಗೆ ಚೆನ್ನಾಗಿ ಮಾಡಲು ಆಗುವುದಿಲ್ಲ. ಆಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ವ್ಯಾಯಾಮದ ಮೊದಲು ಮತ್ತು ನಂತರ ನಾಯಿಗಳ ಮೂಗನ್ನು ಪರೀಕ್ಷಿಸಿದರು. ಮೈ ಪಳಗದ ನಾಯಿಗಳ ಮೂಗಿನ ಚುರುಕು ವ್ಯಾಯಾಮದ ನಂತರ ತೀರಾ ಇಳಿಯಿತು. ಪಳಗಿದ ನಾಯಿಗಳದ್ದು ಅಷ್ಟು ಇಳಿಯಲಿಲ್ಲ. ಬೇಟೆಗಾರರು ಮೂಗಿಗೆ ತರಬೇತಿ ಕೊಡಲು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಮೂಗಿಗೆ ಬೇಕಾದ ತರಬೇತಿಯಲ್ಲಿ ಅರ್ಧ ಕಾಲಿಗೆ ಕೊಡುವಂಥದ್ದು.

ಆ ತರಬೇತಿ ಶುರುವಾಗಬೇಕಾದದ್ದು ಆಗಸ್ಟ್‌ನಲ್ಲಿ. ಬೇಸಿಗೆಯಿಡೀ ಸೋಫಾ ಕೆಳಗೆ ಮಲಗಿದ್ದ ನಾಯಿಗೆ ಮೊದಲು ಇಪ್ಪತ್ತು ನಿಮಿಷದ ನಡಿಗೆ, ಬೆಳಿಗ್ಗೆ ಬಿಸಿಲೇರುವ ಮುಂಚೆ. ಆಮೇಲೆ ವಾರ ವಾರಕ್ಕೆ ಸ್ವಲ್ಪ ಜಾಸ್ತಿ. ಕೆರೆ ಇದ್ದರೆ ಈಜು, ಕೀಲುಗಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಬಿಸಿಗೆ ಮೈ ಒಗ್ಗಲು ಎರಡು ಮೂರು ವಾರವಾದರೂ ಬೇಕು. ಆ ಹೊತ್ತಿಗೆ ರಕ್ತದಲ್ಲಿ ನೀರಿನಂಶ ಹೆಚ್ಚುತ್ತದೆ, ಹೃದಯಕ್ಕೆ ಕೆಲಸ ಹಗುರಾಗುತ್ತದೆ. ಹವಾನಿಯಂತ್ರಿತ ಕೋಣೆಯಲ್ಲೇ ಬೆಳೆದ ನಾಯಿಗೆ ಇದು ಯಾವುದೂ ಆಗಿರುವುದಿಲ್ಲ. ಪಾದದ ಮೆತ್ತೆಯೂ ಹಾಗೇ. ನಮ್ಮ ರೈತರ ಅಂಗಾಲಿನಂತೆ ಅದು ನೆಲ ತುಳಿದು ತುಳಿದೇ ಗಟ್ಟಿಯಾಗಬೇಕು, ಮುಲಾಮಿನಿಂದ ಆಗುವುದಿಲ್ಲ.

ತೂಕದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಇದು ನಮ್ಮ ಮನೆಯ ನಾಯಿಗೂ ಸೇರಿದ್ದು. ನಾಯಿಗಳ ಆಹಾರ ತಯಾರಿಸುವ ಪ್ಯುರಿನಾ ಸಂಸ್ಥೆ 48 ಲ್ಯಾಬ್ರಡಾರ್‌ಗಳನ್ನು ಮರಿ ಪ್ರಾಯದಿಂದ ಸಾಯುವವರೆಗೆ ಗಮನಿಸಿತು. ಜೋಡಿ ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದು ತಿನ್ನುವುದಕ್ಕಿಂತ ಕಾಲು ಭಾಗ ಕಡಿಮೆ ಊಟ. 2002ರಲ್ಲಿ ಫಲಿತಾಂಶ ಬಂತು. ಕಡಿಮೆ ಉಂಡ ಗುಂಪು ಸುಮಾರು 13 ವರ್ಷ ಬದುಕಿತು, ಇನ್ನೊಂದು ಗುಂಪು 11 ವರ್ಷ ಚಿಲ್ಲರೆ. ಹತ್ತಿರ ಹತ್ತಿರ ಎರಡು ವರ್ಷದ ವ್ಯತ್ಯಾಸ. ಕೀಲುನೋವೂ ತಡವಾಗಿ ಬಂತು. ಪಕ್ಕೆಯ ಮೇಲೆ ಕೈ ಆಡಿಸಿದರೆ ಎಲುಬು ಬೆರಳಿಗೆ ಸಿಗಬೇಕು. ಸಿಗದಿದ್ದರೆ ಕೊಬ್ಬು ಹೆಚ್ಚಾಗಿದೆ ಎಂದೇ ಅರ್ಥ. ಅದು ಬಿಸಿಲಿನಲ್ಲಿ ಕಂಬಳಿ ಹೊದ್ದು ಓಡಿದಂತೆ.

ಹಾಗಂತ ನಾಯಿಗೆ ಕೊಬ್ಬು ಶತ್ರುವಲ್ಲ. ಮೈಮೇಲಿನದ್ದು ಬೇಡ, ತಟ್ಟೆಯಲ್ಲಿನದ್ದು ಬೇಕು. ನಾವು ದೂರ ಓಡಬೇಕಾದರೆ ಅನ್ನ, ಗಂಜಿ ನೆಚ್ಚುತ್ತೇವೆ. ನಾಯಿಯ ಸ್ನಾಯು ಕೊಬ್ಬನ್ನು ಸುಡುವುದರಲ್ಲಿ ನಮಗಿಂತ ಎಷ್ಟೋ ಮುಂದು. ದುಡಿಯುವ ಕಾಲಕ್ಕೆ ಕೊಬ್ಬು, ಪ್ರೋಟೀನ್ ಹೆಚ್ಚಿರುವ ಆಹಾರಕ್ಕೆ ವಾರಗಳ ಮೊದಲೇ ನಿಧಾನವಾಗಿ ಬದಲಾಯಿಸಬೇಕು. ದೊಡ್ಡ ಊಟ ಹಿಂದಿನ ರಾತ್ರಿ. ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿಸಿ ಓಡಿಸಿದರೆ ಅರಗಿಸುವ ಬಿಸಿಯೂ ಸೇರುತ್ತದೆ. ಎದೆ ಆಳವಾಗಿರುವ ತಳಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಭಯ ಬೇರೆ. ಹಾಗಾದರೆ ಗಂಟೆಗಳಲ್ಲೇ ಪ್ರಾಣ ಹೋಗುತ್ತದೆ.

ಎಷ್ಟು ಪಳಗಿಸಿದರೂ ಕೆಲವು ಲ್ಯಾಬ್ರಡಾರ್‌ಗಳು ಹತ್ತು ಹದಿನೈದು ನಿಮಿಷದ ಜೋರು ಓಟಕ್ಕೇ ಕುಸಿದು ಬೀಳುತ್ತವೆ. ಹಿಂಗಾಲು ಮೊದಲು ಸೋಲುತ್ತದೆ. ನಾಯಿ ಅದನ್ನು ಎಳೆದುಕೊಂಡೇ ಓಡಲು ನೋಡುತ್ತದೆ. ನೋಡಿದವರಿಗೆ ಕರುಳು ಚುರ್ ಅನ್ನುತ್ತದೆ. ಮೊದಲೆಲ್ಲ ಇದನ್ನು ಬಿಸಿಲು ಹೊಡೆದದ್ದು ಅಂದುಕೊಳ್ಳುತ್ತಿದ್ದರು. 2008ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡ ಕಾರಣ ಹಿಡಿಯಿತು. ಡೈನಮಿನ್ 1 ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ಒಂದು ಅಕ್ಷರದಷ್ಟು ತಪ್ಪು. ನರದ ತುದಿಯಲ್ಲಿ ಸಂದೇಶ ಹೊತ್ತ ಸಣ್ಣ ಚೀಲಗಳು ಖಾಲಿಯಾಗುತ್ತವೆ. ಅವನ್ನು ಮತ್ತೆ ಕಟ್ಟಿ ಬಳಕೆಗೆ ತರಲು ಈ ಪ್ರೋಟೀನ್ ಬೇಕು. ಸುಮ್ನೆ ನಡೆಯುವಾಗ ತೊಂದರೆ ಇಲ್ಲ. ಉದ್ರೇಕ, ಓಟ, ಬಿಸಿ ಮೂರೂ ಸೇರಿದಾಗ ಚೀಲಗಳ ಪೂರೈಕೆ ಸಾಲದಾಗುತ್ತದೆ. ಈಗ ಇದಕ್ಕೆ ಡಿಎನ್‌ಎ ಪರೀಕ್ಷೆ ಇದೆ. ಮರಿ ಕೊಳ್ಳುವವರು ತಂದೆತಾಯಿಯ ಪರೀಕ್ಷೆಯ ವರದಿ ಕೇಳಬೇಕು. ನಮ್ಮಲ್ಲೂ ಕೇಳಬೇಕು ಅಂತ ನಾನು ಒತ್ತಿ ಹೇಳುತ್ತೇನೆ.

ಕೋವಿಯ ಸದ್ದಿಗೆ ಹೆದರಿದ ನಾಯಿಯನ್ನು ಮತ್ತೆ ಸರಿ ಮಾಡುವುದು ಬಹಳ ಕಷ್ಟ. ಗೊತ್ತಿರುವವರು ಮೊದಲು ಹಕ್ಕಿಯ ರುಚಿ ಹತ್ತಿಸುತ್ತಾರೆ. ನಾಯಿ ಹಕ್ಕಿಯ ಹಿಂದೆ ಮೈಮರೆತು ಓಡುವಾಗ ದೂರದಲ್ಲಿ ಒಂದು ಸಣ್ಣ ಸದ್ದು. ದಿನಗಳು ಕಳೆದಂತೆ ಸದ್ದು ಹತ್ತಿರ ಬರುತ್ತದೆ. ಸದ್ದು ಅಂದರೆ ಖುಷಿ ಎಂದು ಮಿದುಳು ಗಂಟು ಹಾಕಿಕೊಳ್ಳುತ್ತದೆ. ಒಂದೇ ಸಲಕ್ಕೆ ತಲೆಯ ಮೇಲೆ ಗುಂಡು ಹಾರಿಸಿ ಪರೀಕ್ಷೆ ಮಾಡುವವರು ಈಗಲೂ ಇದ್ದಾರೆ. ಅದು ಕ್ರೌರ್ಯ.

ಇನ್ನು ಮಾಲೀಕ. ಆತ ಉತ್ತ ಹೊಲದಂಥ ನೆಲದಲ್ಲಿ, ಬೂಟು ಹಾಕಿ, ಕೋವಿ ಹೊತ್ತು ದಿನವಿಡೀ ನಡೆಯಬೇಕು. ವರ್ಷವಿಡೀ ಕುರ್ಚಿಯಲ್ಲಿ ಕೂತವನ ಹೃದಯಕ್ಕೆ ಅದು ದೊಡ್ಡ ಹೊರೆ. ನಾಯಿಯ ಜೊತೆ ಆಗಸ್ಟ್‌ನಿಂದ ಆತನೂ ನಡೆದರೆ ಇಬ್ಬರಿಗೂ ಒಳ್ಳೆಯದು. ಆದರೆ ಆತನ ನಿಜವಾದ ತಯಾರಿ ಕಣ್ಣಿಗೆ. ಆತ ಒಂದು ಮೈಲಿ ನಡೆದರೆ ನಾಯಿ ಅಂಕುಡೊಂಕಾಗಿ ಅದರ ಹಲವು ಪಟ್ಟು ಓಡಿರುತ್ತದೆ. ಆತನ ಮುಖಕ್ಕೆ ತಂಗಾಳಿ ಬೀಸುತ್ತಿರುತ್ತದೆ, ಎರಡಡಿ ಎತ್ತರದ ನಾಯಿ ಗಾಳಿಯೇ ಆಡದ ಹುಲ್ಲಿನ ತಳದಲ್ಲಿರುತ್ತದೆ. ಒಂದೇ ಹೊಲ, ಎರಡು ಹವೆ. ನನ್ನ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅನ್ನಿಸುತ್ತದೆ. ತನಗೆ ಸೆಕೆ ಆಗದ ಕಾರಣ ನಾಯಿಗೂ ಇಲ್ಲ ಅಂದುಕೊಂಡ. ನಾಯಿ ಹೇಳಲಿಲ್ಲ. ಹಕ್ಕಿಯ ವಾಸನೆ ಇರುವ ತನಕ ಅದಕ್ಕೆ ದಣಿವು ನೆನಪಾಗುವುದಿಲ್ಲ.

ನೋಡಬೇಕಾದದ್ದು ನಾಲಗೆಯನ್ನು. ಬಿಸಿ ಮಿತಿ ಮೀರಿದಂತೆ ಅದರ ತುದಿ ಸೌಟಿನಂತೆ ಅಗಲವಾಗುತ್ತದೆ. ತುಟಿಯ ಅಂಚು ಹಿಂದಕ್ಕೆ ಎಳೆದುಕೊಂಡು ಹಿಂದಿನ ಹಲ್ಲು ಕಾಣುತ್ತದೆ. ನಾಯಿ ನೆರಳು ಹುಡುಕುತ್ತದೆ, ಕರೆದರೆ ತಡವಾಗಿ ತಿರುಗುತ್ತದೆ. ಹೆಜ್ಜೆ ಓಲಾಡಿದರೆ ಆಗಲೇ ತಡವಾಗಿದೆ. ನಾಯಿಯ ಸಹಜ ಉಷ್ಣತೆ 38ರಿಂದ 39 ಡಿಗ್ರಿ ಸೆಲ್ಸಿಯಸ್. ಓಡುವಾಗ 41 ಮುಟ್ಟಿದರೂ ಪಳಗಿದ ನಾಯಿ ಚೆನ್ನಾಗೇ ಇರಬಹುದು. ಹಾಗಾಗಿ ಥರ್ಮಾಮೀಟರ್ ಒಂದನ್ನೇ ನಂಬುವಂತಿಲ್ಲ. ನಾಯಿ ಕುಸಿದು ಬಿದ್ದರೆ ಗಾಡಿ ಹತ್ತಿಸಿ ಆಸ್ಪತ್ರೆಗೆ ಓಡುವ ಮುಂಚೆ ನೀರು ಹಾಕಿ ತಣಿಸಬೇಕು, ಆಮೇಲೆ ಹೊರಡಬೇಕು. ತಣ್ಣೀರು ಹಾಕಿದರೆ ಆಘಾತವಾಗುತ್ತದೆ ಎಂಬ ಹಳೆಯ ಮಾತು ನಂಬಿ ಎಷ್ಟೋ ಜನ ಸುಮ್ಮನೆ ನಿಂತುಬಿಡುತ್ತಾರೆ. ಅದು ತಪ್ಪು.

ಓಟ ನಿಂತ ಮೇಲೂ ಕೆಲವು ನಿಮಿಷ ಮೈಬಿಸಿ ಏರುತ್ತಲೇ ಇರುತ್ತದೆ. ಅದನ್ನು ತಡೆಯಲು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ದುಡಿಯುವ ನಾಯಿಗಳ ಕೇಂದ್ರ ನಾಲ್ಕು ಉಪಾಯಗಳನ್ನು ಹೋಲಿಸಿ ನೋಡಿತು. 2024ರಲ್ಲಿ ಫಲಿತಾಂಶ ಪ್ರಕಟವಾಯಿತು. ಕತ್ತಿಗೆ ಐಸ್ ಚೀಲ, ಒದ್ದೆ ಬಟ್ಟೆ ಎಲ್ಲವನ್ನೂ ಹಿಂದೆ ಹಾಕಿ ಗೆದ್ದದ್ದು ಒಂದು ಬಕೆಟ್ ನೀರು. ನಾಯಿ ತಾನಾಗಿ ತಲೆಯನ್ನು ನೀರಿನಲ್ಲಿ ಅದ್ದುವುದು. ಎಚ್ಚರ ಇರುವ, ಗಟ್ಟಿಯಾಗಿ ನಿಂತ ನಾಯಿಗೆ ಮಾತ್ರ ಇದು, ಕುಸಿದ ನಾಯಿಗಲ್ಲ. ಮತ್ತು ಬೇಟೆಯ ದಿನ ಕಲಿಸಲು ಆಗುವಂಥದ್ದಲ್ಲ. ಹಿತ್ತಲಲ್ಲಿ ಅಗಲವಾದ ಪಾತ್ರೆ ಇಟ್ಟು, ಮೊದಲು ಒಂದಂಗುಲ ನೀರು, ತಳದಲ್ಲಿ ಒಂದು ಮಾಂಸದ ಚೂರು. ನಾಯಿ ಮೂತಿ ಇಳಿಸಿ ಗಬಕ್ಕನೆ ತೆಗೆಯುತ್ತದೆ. ಮಾರನೆಯ ವಾರ ಎರಡಂಗುಲ. ತಿಂಗಳಾಗುವಷ್ಟರಲ್ಲಿ ಕಣ್ಣಿನ ತನಕ ಮುಳುಗಿಸಿ, ಕಿವಿ ಕೊಡವಿ, ಇನ್ನೊಂದು ಚೂರು ಎಲ್ಲಿ ಅಂತ ಮುಖ ನೋಡುತ್ತದೆ.

ಅಕ್ಟೋಬರ್‌ನ ಆ ಶನಿವಾರ ಅದೇ ನಾಯಿ ಹೊಲದ ಅಂಚಿನಲ್ಲಿ ತಲೆ ಅದ್ದಿ, ನೀರು ಸುರಿಸುತ್ತಾ ಮತ್ತೆ ಹುಲ್ಲಿಗೆ ಇಳಿಯುತ್ತದೆ. ನಾಲಗೆ ಚಾಚಿ ತೇಕುತ್ತಾ ಹತ್ತಾರು ಮಾರು ಓಡುತ್ತದೆ. ಥಟ್ಟನೆ ನಿಲ್ಲುತ್ತದೆ. ನಾಲಗೆ ಒಳಗೆ ಹೋಗುತ್ತದೆ, ಬಾಯಿ ಮುಚ್ಚುತ್ತದೆ. ತೇಕು ನಿಂತು, ಮೂಗಿನ ಹೊಳ್ಳೆ ಮಾತ್ರ ಸಣ್ಣಗೆ ಆಡುತ್ತದೆ.